ಮದುವೆ ಮುಗಿದ ಮೇಲೆ ಆ ಬಟ್ಟೆಯನ್ನು ಏನು ಮಾಡಬೇಕು?

ಮದುವೆಗೆ ಬಟ್ಟೆ ಆರಿಸುವಾಗ ಮನೆಮಂದಿಯೆಲ್ಲ ಸಲಹೆ ಕೊಡುತ್ತಾರೆ. ಬಣ್ಣ, ಅಂಚು, ಅಳತೆ, ಒಡವೆಗೆ ಹೊಂದುತ್ತದೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಮಾತು. ಮದುವೆ ಮುಗಿದ ಮೇಲೆ ಆ ಬಟ್ಟೆ ಏನಾಗಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಅದು ಬೀರುವಿನ ಮೇಲಿನ ಖಾನೆ ಸೇರುತ್ತದೆ. ಐದಾರು ವರ್ಷ ಬಿಟ್ಟು ತೆಗೆದರೆ ಕಂಕುಳ ಹತ್ತಿರ ಹಳದಿ, ಮಡಿಕೆಯಲ್ಲಿ ಸೀಳು, ಅಲ್ಲಲ್ಲಿ ಕಂದು ಚುಕ್ಕೆ. ಆಗ ಮಾರುವ ಹಾಗೂ ಇಲ್ಲ, ಯಾರಿಗಾದರೂ ಕೊಡುವ ಹಾಗೂ ಇಲ್ಲ, ಎಸೆಯಲು ಮನಸ್ಸೂ ಬರುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಇಟ್ಟುಕೊಳ್ಳಬೇಕೋ, ಮಾರಬೇಕೋ, ಕೊಡಬೇಕೋ ಅನ್ನುವ ನಿರ್ಧಾರಕ್ಕೆ ಅವಸರವಿಲ್ಲ, ಎಷ್ಟು ಬೇಕಾದರೂ ಸಮಯ ತೆಗೆದುಕೊಳ್ಳಿ. ಆದರೆ ಸ್ವಚ್ಛ ಮಾಡಿಸುವ ಕೆಲಸವನ್ನು ಆ ನಿರ್ಧಾರದ ತನಕ ಕಾಯಿಸಬೇಡಿ. ನೀವು ಮುಂದೆ ಏನೇ ಮಾಡಿದರೂ ಮೊದಲ ಮೂರು ಹೆಜ್ಜೆ ಎಲ್ಲರಿಗೂ ಒಂದೇ. ಸೀರೆ, ಲೆಹೆಂಗಾ, ಗೌನ್, ಸೂಟ್, ಶೆರ್ವಾನಿ, ನೀವು ಹಾಕಿಕೊಂಡಿದ್ದು ಯಾವುದಾದರೂ ಸರಿ.

ಹೆಜ್ಜೆ 1: ಮೊದಲ ವಾರದಲ್ಲೇ ಕಲೆ ಹುಡುಕಿ

ಮದುವೆಯ ದಿನ ಬಿಚ್ಚಿಟ್ಟ ಬಟ್ಟೆಯನ್ನು ಮಡಚಿ ಒಳಗಿಡಬೇಡಿ. ಬೆವರು ಆರಲಿ. ನೆರಳಿನಲ್ಲಿ, ಗಾಳಿಯಾಡುವ ಕೋಣೆಯಲ್ಲಿ, ಒಂದು ಶುಭ್ರವಾದ ಹತ್ತಿ ಬಟ್ಟೆಯ ಮೇಲೆ ಒಂದು ದಿನ ಹರಡಿಡಿ. ಬಿಸಿಲಿಗೆ ಬೇಡ, ರೇಷ್ಮೆಗೆ ಬಿಸಿಲು ಆಗುವುದಿಲ್ಲ, ಬಣ್ಣವೂ ಹೋಗುತ್ತದೆ, ನೂಲೂ ಸೊರಗುತ್ತದೆ.

ಆಮೇಲೆ ಪಿನ್ನುಗಳನ್ನೆಲ್ಲ ತೆಗೆಯಿರಿ. ಮದುವೆ ಬಟ್ಟೆಯಲ್ಲಿ ಎಷ್ಟು ಪಿನ್ನು ಅಡಗಿರುತ್ತವೆ ಅಂತ ತೆಗೆಯುವಾಗಲೇ ಗೊತ್ತಾಗುವುದು! ಭುಜದ ಒಳಗೆ, ನೆರಿಗೆಯ ಹಿಂದೆ, ಸೊಂಟದ ಪಟ್ಟಿಯಲ್ಲಿ, ಎಲ್ಲ ಕಡೆ ಕೈಯಾಡಿಸಿ ನೋಡಿ. ಒಂದೇ ಒಂದು ಉಳಿದರೂ ಮುಂದೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ತೆಗೆಯುವುದು ಬಹಳ ಕಷ್ಟ.

ಈಗ ಕಲೆಗಳು. ಕಿಟಕಿಯ ಬೆಳಕಿಗೆ ಒಂದೊಂದು ಭಾಗವನ್ನೇ ಎತ್ತಿ ಹಿಡಿದು ನೋಡಿ. ನೆಲ ಗುಡಿಸಿದ ಕೆಳ ಅಂಚು, ಎರಡು ಕಂಕುಳು, ಕುತ್ತಿಗೆಯ ಸುತ್ತ ಮೇಕಪ್ ತಾಗಿದ ಜಾಗ, ತಬ್ಬಿಕೊಂಡವರ ಲಿಪ್‌ಸ್ಟಿಕ್ ಹತ್ತಿದ ಭುಜ, ಊಟಕ್ಕೆ ಕೂತಾಗ ಮಡಿಲಾದ ಭಾಗ. ಈ ಐದು ಕಡೆ ನೋಡಿದರೆ ಮುಕ್ಕಾಲು ಪಾಲು ಕಲೆ ಸಿಕ್ಕ ಹಾಗೆ. ಸಿಕ್ಕ ಕಡೆಯಲ್ಲೆಲ್ಲ ಬಿಳಿ ನೂಲಿನಿಂದ ಸಡಿಲವಾಗಿ ಒಂದು ಟಾಕು ಹಾಕಿ ಗುರುತು ಮಾಡಿ, ಕಲೆ ಯಾವುದರದ್ದು ಅಂತ ಒಂದು ಚೀಟಿಯಲ್ಲಿ ಬರೆದಿಡಿ.

ಕಣ್ಣಿಗೆ ಕಾಣುವ ಕಲೆಗಿಂತ ಕಾಣದ ಕಲೆಯೇ ನಿಜವಾದ ತೊಂದರೆ. ಬಣ್ಣವಿಲ್ಲದ ಜ್ಯೂಸು, ಸೋಡಾ, ಸಕ್ಕರೆ ಇರುವ ಯಾವುದೇ ಪಾನೀಯ ಬಟ್ಟೆಯ ಮೇಲೆ ಚೆಲ್ಲಿ ಒಣಗಿದರೆ ಅವತ್ತು ಏನೂ ಕಾಣುವುದಿಲ್ಲ. ತಿಂಗಳುಗಳು ಕಳೆದ ಹಾಗೆ ಆ ಸಕ್ಕರೆ ಗಾಳಿಯ ಜೊತೆ ಬೆರೆತು ನಿಧಾನಕ್ಕೆ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಇಸ್ತ್ರಿಯ ಬಿಸಿ ತಾಗಿದರೆ ಇನ್ನೂ ಬೇಗ. ಗೆಳತಿಯೊಬ್ಬಳ ಕೆನೆಬಣ್ಣದ ಗೌನಿನಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮುಂಭಾಗದಲ್ಲಿ ಸೊಂಟದಿಂದ ಮಂಡಿಯವರೆಗೆ ಸಣ್ಣ ಸಣ್ಣ ಕಂದು ಹನಿಗಳ ಸಾಲು, ಪ್ರತಿ ಹನಿಯ ಅಂಚು ಮಾತ್ರ ಗಾಢ, ನಡುವೆ ತೆಳು. ಮದುವೆಯ ದಿನದ ಯಾವ ಫೋಟೋದಲ್ಲೂ ಅದು ಇರಲಿಲ್ಲ. ಅದಕ್ಕೇ ನೆನಪು ಹಸಿಯಾಗಿರುವಾಗ ಬರೆದಿಡಿ ಅನ್ನುತ್ತಿರುವುದು. ‘ಇಲ್ಲಿ ಏನೋ ಚೆಲ್ಲಿತ್ತು, ಒರೆಸಿಕೊಂಡೆ’ ಅನ್ನುವ ಒಂದು ಸಾಲು ಸಾಕು.

ಮನೆಯಲ್ಲಿ ನೀವೇ ನೀರು ಹಾಕಿ ಉಜ್ಜಲು ಹೋಗಬೇಡಿ. ರೇಷ್ಮೆಯ ಮೇಲೆ ಬರೀ ನೀರೇ ಒಂದು ಕಲೆಯಾಗಿ ಕೂರಬಹುದು. ಉಜ್ಜಿದರೆ ನೂಲಿನ ಹೊಳಪು ಹೋಗಿ ಆ ಜಾಗ ಮಸುಕಾಗುತ್ತದೆ, ಅದು ಆಮೇಲೆ ಸರಿಯಾಗುವುದಿಲ್ಲ. ಎಣ್ಣೆ ಜಿಡ್ಡಾದರೆ ಟಾಲ್ಕಮ್ ಪೌಡರನ್ನು ಮೇಲೆ ಉದುರಿಸಿ, ಕೆಲವು ಗಂಟೆ ಬಿಟ್ಟು, ಮೆತ್ತಗೆ ಕೊಡವಬಹುದು. ಮಣ್ಣಾದರೆ ಪೂರ್ತಿ ಒಣಗಲು ಬಿಟ್ಟು ಮೃದು ಬ್ರಷ್‌ನಿಂದ ಝಾಡಿಸಿ. ಇದಕ್ಕಿಂತ ಜಾಸ್ತಿ ಮಾಡಬೇಡಿ.

ಹೆಜ್ಜೆ 2: ಬಟ್ಟೆ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಅಂಗಡಿಯಲ್ಲಿ ‘ಸಿಲ್ಕ್’ ಅಂದ ಮಾತ್ರಕ್ಕೆ ರೇಷ್ಮೆ ಅಲ್ಲ. ಸ್ಯಾಟಿನ್ ಅನ್ನುವುದು ನೇಯ್ಗೆಯ ಹೆಸರು, ಅದು ರೇಷ್ಮೆಯದ್ದೂ ಆಗಬಹುದು, ಪಾಲಿಯೆಸ್ಟರ್‌ನದ್ದೂ ಆಗಬಹುದು. ತೊಳೆಸುವುದು, ಬಣ್ಣ ಹಾಕಿಸುವುದು, ಮಾರುವುದು, ಎಲ್ಲವೂ ಇದರ ಮೇಲೆ ನಿಂತಿರುವುದರಿಂದ ತಿಳಿದುಕೊಳ್ಳಲೇಬೇಕು.

ಮೊದಲು ಒಳಗಿನ ಲೇಬಲ್ ನೋಡಿ. ಲೇಬಲ್ ಇಲ್ಲದಿದ್ದರೆ ಒಳಹೊಲಿಗೆಯ ಹೆಚ್ಚುವರಿ ಬಟ್ಟೆಯಿಂದ ಒಂದೆರಡು ಎಳೆ ನೂಲು ಬಿಡಿಸಿ, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತಾಗಿಸಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಬಟ್ಟೆಯನ್ನು ದೂರ ಇಟ್ಟು ಈ ಪರೀಕ್ಷೆ ಮಾಡಿ, ಮಕ್ಕಳ ಮುಂದೆ ಬೇಡ. ಒಳಪದರ ಬೇರೆ, ಹೊರಪದರ ಬೇರೆ ಇರುವುದೇ ಜಾಸ್ತಿ, ಹಾಗಾಗಿ ಎರಡನ್ನೂ ನೋಡಿ.

ಜರಿ ಇದ್ದರೆ ಅದು ಅಸಲಿಯೋ ಅಲ್ಲವೋ ತಿಳಿದುಕೊಳ್ಳಿ. ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ತಾಮ್ರದ ಜರಿಯೂ ಇದೆ, ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ಜರಿಯೂ ಇದೆ. ಖರೀದಿಯ ಬಿಲ್ಲಿನಲ್ಲಿ ಬರೆದಿದ್ದರೆ ಸಲೀಸು. ಇಲ್ಲದಿದ್ದರೆ ಅನುಭವಿ ನೇಕಾರರಿಗೋ, ಜರಿ ಬಲ್ಲವರಿಗೋ ತೋರಿಸಿ.

ಇನ್ನು ಮಣಿ, ಚಮಕಿ, ಕಲ್ಲು. ಇವನ್ನು ಹೊಲಿದಿದ್ದಾರೋ ಅಂಟಿಸಿದ್ದಾರೋ ಅಂತ ಹಿಂಭಾಗ ತಿರುಗಿಸಿ ನೋಡಿ. ನೂಲು ಕಂಡರೆ ಹೊಲಿದದ್ದು. ಏನೂ ಕಾಣದೆ ಗೋಂದಿನ ಹೊಳಪು ಕಂಡರೆ ಅಂಟಿಸಿದ್ದು. ಅಂಟಿಸಿದ್ದಕ್ಕೆ ಮುಂದಿನ ಹೆಜ್ಜೆಯಲ್ಲಿ ವಿಶೇಷ ಎಚ್ಚರ ಬೇಕು.

ಹೆಜ್ಜೆ 3: ಡ್ರೈ ಕ್ಲೀನಿಂಗ್‌ಗೆ ಕೊಡುವ ಮುನ್ನ ನಾಲ್ಕು ಮಾತು ಕೇಳಿ

ಡ್ರೈ ಕ್ಲೀನಿಂಗ್ ಅಂದರೆ ನೀರಿನ ಬದಲು ಬೇರೆ ದ್ರಾವಕದಲ್ಲಿ ತೊಳೆಯುವುದು. ಬಹಳ ಕಾಲದಿಂದ ಬಳಕೆಯಲ್ಲಿರುವುದು ಪರ್ಕ್ಲೋರೋಎಥಿಲೀನ್, ಅಂಗಡಿಯವರ ಬಾಯಲ್ಲಿ ಪರ್ಕ್. ಜಿಡ್ಡು, ಮೇಕಪ್ಪು, ಮೇಣ ಇವನ್ನು ಅದು ಚೆನ್ನಾಗಿ ತೆಗೆಯುತ್ತದೆ. ಆದರೆ ಸಕ್ಕರೆ ಮತ್ತು ಬೆವರಿನ ಉಪ್ಪು ಕರಗುವುದು ನೀರಿನಲ್ಲಿ, ದ್ರಾವಕದಲ್ಲಲ್ಲ. ಹಾಗಾಗಿ ಡ್ರೈ ಕ್ಲೀನ್ ಆಗಿ ಬಂದ ಬಟ್ಟೆಯಲ್ಲೂ ಕಾಣದ ಆ ಸಕ್ಕರೆ ಹಾಗೇ ಉಳಿದಿರಬಹುದು. ನೀವು ಚೀಟಿಯಲ್ಲಿ ಬರೆದಿಟ್ಟದ್ದನ್ನು ತೋರಿಸಿ, ಈ ಜಾಗಗಳ ಕಲೆಯನ್ನು ಮೊದಲು ಕೈಯಿಂದ ಬೇರೆಯಾಗಿ ತೆಗೆಯಿರಿ ಅಂತ ಸ್ಪಷ್ಟವಾಗಿ ಹೇಳಿ.

ಕೇಳಬೇಕಾದ ಮಾತುಗಳು ಇವು. ಇಂಥ ಬಟ್ಟೆಯನ್ನು ನೀವೇ ತೊಳೆಯುತ್ತೀರೋ, ಬೇರೆ ಕಡೆ ಕಳಿಸುತ್ತೀರೋ? ಹೊಸ ಅಥವಾ ಸೋಸಿದ ದ್ರಾವಕ ಬಳಸುತ್ತೀರಾ? (ಹಳೆಯ ದ್ರಾವಕದಲ್ಲಿ ತೊಳೆದರೆ ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ.) ಮಣಿ, ಚಮಕಿಯನ್ನು ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸುತ್ತೀರಾ? ಕೆಲವು ಪ್ಲಾಸ್ಟಿಕ್ ಮಣಿಗಳು, ಅಂಟುಗಳು ಪರ್ಕ್‌ನಲ್ಲಿ ಕರಗುತ್ತವೆ, ಚಮಕಿಯ ಬಣ್ಣ ಬಿಡುತ್ತದೆ, ಅಂಥವಕ್ಕೆ ಮೃದುವಾದ ಹೈಡ್ರೋಕಾರ್ಬನ್ ದ್ರಾವಕ ವಾಸಿ. ಕೊನೆಗೆ, ಹಾಳಾದರೆ ಯಾರು ಹೊಣೆ? ಇದನ್ನು ಕೇಳಲು ಸಂಕೋಚ ಬೇಡ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ, ಬಟ್ಟೆಯ ಮೌಲ್ಯ ಎಷ್ಟು ಅಂತ ರಸೀದಿಯಲ್ಲೇ ಬರೆಸಿ, ಕೊಡುವ ಮುನ್ನ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ.

ಗಂಜಿ ಹಾಕಬೇಡಿ ಅಂತ ಹೇಳುವುದನ್ನು ಮರೆಯಬೇಡಿ. ಎತ್ತಿಡುವ ಬಟ್ಟೆಗೆ ಗಂಜಿ ಹಾಕಿದರೆ ಹುಳುಗಳನ್ನು ಊಟಕ್ಕೆ ಕರೆದ ಹಾಗೆ. ಬಟ್ಟೆ ಮನೆಗೆ ಬಂದ ಕೂಡಲೇ ಪ್ಲಾಸ್ಟಿಕ್ ಕವರ್ ತೆಗೆದು ಗಾಳಿಗೆ ಹಾಕಿ, ದ್ರಾವಕದ ವಾಸನೆ ಪೂರ್ತಿ ಹೋಗಲಿ. ಹಗಲ ಬೆಳಕಿನಲ್ಲಿ ಮತ್ತೆ ಆ ಐದು ಜಾಗ ನೋಡಿ. ಕಲೆ ಉಳಿದಿದ್ದರೆ ಅವತ್ತೇ ವಾಪಸ್ ಕೊಡಿ.

ಹೆಜ್ಜೆ 4: ಈಗ ನಿಧಾನವಾಗಿ ಯೋಚಿಸಿ

ಬಟ್ಟೆ ಸ್ವಚ್ಛವಾಗಿದೆ, ಇನ್ನು ಧಾವಂತವಿಲ್ಲ. ಮಾರುವ ಯೋಚನೆ ಇದ್ದರೆ ಮಾತ್ರ ಒಂದೆರಡು ವರ್ಷದೊಳಗೆ ಮನಸ್ಸು ಮಾಡಿ, ಗೌನು, ಲೆಹೆಂಗಾಗಳ ಫ್ಯಾಷನ್ ಬೇಗ ಬದಲಾಗುತ್ತದೆ.

ಮೊದಲ ಪ್ರಶ್ನೆ, ಇದು ಯಾರದ್ದು? ಬಾಡಿಗೆಗೆ, ಎರವಲು ತಂದದ್ದಾದರೆ ಹಿಂದಿರುಗಿಸಿದರೆ ಮುಗಿಯಿತು. ಅಮ್ಮ, ಅತ್ತೆ, ಅಕ್ಕ ಯಾರಾದರೂ ದುಡ್ಡು ಕೊಟ್ಟು ಕೊಡಿಸಿದ್ದಾದರೆ ಅವರಿಗೆ ಒಂದು ಮಾತು ಮೊದಲೇ ಹೇಳಿ, ಆಮೇಲೆ ಇನ್ಯಾರಿಂದಲೋ ಗೊತ್ತಾದರೆ ಬೇಜಾರಾಗುತ್ತದೆ. ಆದರೆ ಅದು ಒಪ್ಪಿಗೆ ಕೇಳುವುದಲ್ಲ, ತಿಳಿಸುವುದು. ಉಟ್ಟವರು ನೀವು, ತೀರ್ಮಾನವೂ ನಿಮ್ಮದು. ‘ಮದುವೆ ಬಟ್ಟೆ ಮಾರುತ್ತಾರಾ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಆ ಬಟ್ಟೆಯನ್ನು ಇಪ್ಪತ್ತು ವರ್ಷ ಕಾಪಾಡಬೇಕಾದವರು ಅವರಲ್ಲ, ಅಲ್ವಾ?

ಎರಡನೆಯದು, ನಿಮಗೆ ಬೇಕಾಗಿರುವುದು ಇಡೀ ಬಟ್ಟೆಯೋ, ಅದರ ನೆನಪೋ? ಫೋಟೋಗಳನ್ನು ನೋಡಿದಾಗಲೇ ಮನಸ್ಸು ತುಂಬುತ್ತದೆ ಅನ್ನುವವರಿಗೆ ಬಟ್ಟೆ ಇಟ್ಟುಕೊಳ್ಳುವ ಅಗತ್ಯವಿಲ್ಲ. ಮುಟ್ಟಿ ನೋಡಿದಾಗ ಆ ದಿನ ಕಣ್ಣಮುಂದೆ ಬರುತ್ತದೆ ಅನ್ನುವವರು ಇಟ್ಟುಕೊಳ್ಳಿ, ಯಾರಿಗೂ ಕಾರಣ ಕೊಡಬೇಕಿಲ್ಲ.

ಮೂರನೆಯದು ಜಾಗ. ತೇವವಿಲ್ಲದ, ಬಿಸಿ ಜಾಸ್ತಿಯಾಗದ ಒಂದು ಕಡೆ ಇದೆಯಾ? ಇಲ್ಲದಿದ್ದರೆ ಇಟ್ಟುಕೊಳ್ಳುವುದು ಅಂದರೆ ನಿಧಾನಕ್ಕೆ ಹಾಳು ಮಾಡುವುದು. ‘ಮಗಳಿಗೆ ಇರಲಿ’ ಅನ್ನುವ ಮಾತನ್ನೂ ಸ್ವಲ್ಪ ತೂಗಿ ನೋಡಿ. ಅವಳ ಅಳತೆ, ಅವಳ ಇಷ್ಟ ನಮಗೆ ಗೊತ್ತಿಲ್ಲ. ಕೊಡಬಾರದು ಅಂತಲ್ಲ, ಉಡಲೇಬೇಕು ಅಂತ ಹೇರಬೇಡಿ ಅಷ್ಟೆ.

ಇಷ್ಟಾದರೂ ತೋಚದಿದ್ದರೆ ಒಂದು ತಾರೀಖು ಗೊತ್ತು ಮಾಡಿ. ಮುಂದಿನ ವಾರ್ಷಿಕೋತ್ಸವದ ತನಕ ಸರಿಯಾಗಿ ಎತ್ತಿಟ್ಟು, ಅವತ್ತು ತೆಗೆದು ನೋಡಿ ಮತ್ತೆ ಯೋಚಿಸಿ.

ಇಟ್ಟುಕೊಳ್ಳುವುದಾದರೆ

ಎತ್ತಿಡುವುದರಲ್ಲಿ ಜನ ಮಾಡುವ ದೊಡ್ಡ ಎಡವಟ್ಟು ಪ್ಲಾಸ್ಟಿಕ್. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಬಟ್ಟೆ ಉಸಿರಾಡುವುದಿಲ್ಲ. ಕೆಲವು ಪ್ಲಾಸ್ಟಿಕ್‌ಗಳು ಹಳೆಯದಾದಂತೆ ಬಿಡುವ ಅನಿಲದಿಂದಲೇ ಬಟ್ಟೆ ಹಳದಿಯಾಗುತ್ತದೆ. ಗಾಳಿ ಹೀರಿ ಚಪ್ಪಟೆ ಮಾಡುವ ಚೀಲಗಳಂತೂ ಬೇಡವೇ ಬೇಡ, ಮಡಿಕೆಗಳು ಗಟ್ಟಿಯಾಗಿ ಒತ್ತಿಹೋಗುತ್ತವೆ. ಚೆನ್ನಾಗಿ ಒಗೆದು ಒಣಗಿಸಿದ, ಬಣ್ಣ ಹಾಕದ, ಗಂಜಿಯಿಲ್ಲದ ಹತ್ತಿ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಹಳೆಯ ಹತ್ತಿ ಸೀರೆಯ ತುಂಡಾದರೂ ಸರಿ, ಬಣ್ಣ ಬಿಡುವಂಥದ್ದಾಗಿರಬಾರದು.

ಪೆಟ್ಟಿಗೆ ಬೇಕಿದ್ದರೆ ಆಮ್ಲರಹಿತ ರಟ್ಟಿನ ಪೆಟ್ಟಿಗೆ, ಆಮ್ಲರಹಿತ ಟಿಶ್ಯೂ ಕಾಗದ ಸಿಗುತ್ತವೆ. ಮಾಮೂಲಿ ರಟ್ಟು, ನ್ಯೂಸ್‌ಪೇಪರ್, ಮರದ ಹಲಗೆ ಮೂರೂ ಆಮ್ಲ ಬಿಡುತ್ತವೆ, ತಾಗಿದ ಕಡೆ ಬಟ್ಟೆ ಕಂದಾಗುತ್ತದೆ. ಮರದ ಬೀರುವಾದರೆ ಮೊದಲು ಹತ್ತಿ ಬಟ್ಟೆಯನ್ನು ದಪ್ಪಗೆ ಹಾಸಿ. ಟಿಶ್ಯೂ ಕೊಳ್ಳುವಾಗ ಒಂದು ಸೂಕ್ಷ್ಮ ಇದೆ. ‘ಬಫರ್ಡ್’ ಅಂತ ಬರೆದಿರುವ ಕಾಗದಕ್ಕೆ ಕ್ಷಾರ ಸೇರಿಸಿರುತ್ತಾರೆ, ಅದು ಹತ್ತಿ, ಲಿನನ್‌ಗೆ ಸರಿ. ರೇಷ್ಮೆ, ಉಣ್ಣೆ ಪ್ರೋಟೀನ್ ನೂಲುಗಳು, ಅವಕ್ಕೆ ಕ್ಷಾರ ಆಗುವುದಿಲ್ಲ, ‘ಅನ್‌ಬಫರ್ಡ್’ ಕಾಗದವನ್ನೇ ತನ್ನಿ.

ಮಡಿಕೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ರೇಷ್ಮೆಯಲ್ಲಿ ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಕೆ ಕೂತರೆ ನೂಲು ಅಲ್ಲೇ ಒಡೆಯುತ್ತದೆ. ಜರಿ ಇರುವ ಕಡೆ ಲೋಹದ ತಂತಿ ಬೇರೆ ಇರುವುದರಿಂದ ಇನ್ನೂ ಬೇಗ. ಹಳೆಯ ರೇಷ್ಮೆ ಸೀರೆಯನ್ನು ಬಿಡಿಸಿದಾಗ ಚೌಕ ಚೌಕವಾಗಿ ಸೀಳು ಕಾಣುವುದು ಇದಕ್ಕೇ. ಆದ್ದರಿಂದ ಆರು ತಿಂಗಳಿಗೊಮ್ಮೆ, ತಪ್ಪಿದರೆ ವರ್ಷಕ್ಕೊಮ್ಮೆಯಾದರೂ ಹೊರತೆಗೆದು, ಗಾಳಿಯಾಡಿಸಿ, ಹಿಂದಿನ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ಮಡಿಕೆಯ ಒಳಗೆ ಟಿಶ್ಯೂವನ್ನೋ ಹತ್ತಿ ಬಟ್ಟೆಯನ್ನೋ ಉರುಟಾಗಿ ಸುತ್ತಿ ಇಟ್ಟರೆ ಮಡಿಕೆ ಚೂಪಾಗುವುದಿಲ್ಲ, ದುಂಡಗಿರುತ್ತದೆ. ಗೌನಿನ ತೋಳಿಗೂ ಎದೆಯ ಭಾಗಕ್ಕೂ ಹೀಗೇ ಒಳಗೆ ತುಂಬಿ. ಸೀರೆಯನ್ನು ಬಟ್ಟೆ ಸುತ್ತಿದ ಕೊಳವೆಯ ಮೇಲೆ ಸುರುಳಿ ಸುತ್ತಿಟ್ಟರೆ ಮಡಿಕೆಯ ಕಾಟವೇ ಇಲ್ಲ, ಜಾಗ ಇದ್ದರೆ ಅದೇ ಎಲ್ಲಕ್ಕಿಂತ ಮೇಲು.

ನೇತು ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಭಾರದ ಗೌನು, ಮಣಿ ಕೆಲಸದ ಲೆಹೆಂಗಾ ನೇತು ಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಭುಜ, ಸೊಂಟ ಹಿಗ್ಗುತ್ತವೆ. ಮಲಗಿಸಿಡುವುದೇ ಕ್ಷೇಮ.

ಜರಿಗೆ ಗಂಧಕದ ಭಯ. ಬೆಳ್ಳಿ ಗಂಧಕದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಾಗಾಗಿ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರ ಬೇಡ, ಎರಡರಲ್ಲೂ ಗಂಧಕ ಇದೆ. ಸೆಂಟನ್ನು ನೇರವಾಗಿ ಜರಿಯ ಮೇಲೆ ಹೊಡೆಯಬೇಡಿ. ಜರಿ ಜರಿಗೆ ಉಜ್ಜದ ಹಾಗೆ ನಡುವೆ ಒಂದು ಪದರ ಹತ್ತಿ ಬಟ್ಟೆ ಇಡಿ.

ನುಸಿ ಗುಳಿಗೆಯ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ, ಬೇಡ. ನ್ಯಾಫ್ತಲೀನ್ ಬಟ್ಟೆಗೆ ನೇರವಾಗಿ ತಾಗಬಾರದು, ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ಅದಕ್ಕಿಂತ ಮುಖ್ಯ, ಜಿ6ಪಿಡಿ ಅನ್ನುವ ಕಿಣ್ವದ ಕೊರತೆ (ಹುಟ್ಟಿನಿಂದಲೇ ಬರುವಂಥದ್ದು) ಇರುವ ಹಸುಗೂಸುಗಳಿಗೆ ನ್ಯಾಫ್ತಲೀನ್ ತಾಗಿದ ಬಟ್ಟೆಯಿಂದ ರಕ್ತಕಣಗಳು ಒಡೆದು ಅಪಾಯ ಆಗಬಹುದು. ಮನೆಯಲ್ಲಿ ಮಗು ಇದ್ದರೆ ಯೋಚನೆಯೇ ಮಾಡಬೇಡಿ. ಬಟ್ಟೆ ತಿನ್ನುವುದು ಪತಂಗ ಅಲ್ಲ, ಅದರ ಮರಿಹುಳು. ಬೆವರು, ಊಟದ ಕಲೆ ಇರುವ ಕಡೆಗೇ ಅದು ಮೊದಲು ಬಾಯಿ ಹಾಕುತ್ತದೆ. ಸ್ವಚ್ಛ ಮಾಡಿಸಿ, ಆಗಾಗ ತೆಗೆದು ನೋಡುತ್ತಿದ್ದರೆ ಗುಳಿಗೆಯ ಅಗತ್ಯವೇ ಬೀಳುವುದಿಲ್ಲ.

ಗಾಳಿಯ ತೇವ ಶೇಕಡಾ 50ರ ಆಸುಪಾಸು ಇದ್ದರೆ ಚೆನ್ನ. ಶೇಕಡಾ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರಲು ಶುರು. ತೇವ ಅಳೆಯುವ ಸಣ್ಣ ಮೀಟರ್‌ಗಳು ಸಿಗುತ್ತವೆ, ಬೀರುವಿನೊಳಗೆ ಒಂದು ಇಟ್ಟರೆ ಊಹೆ ಮಾಡುವ ಕಷ್ಟ ಇಲ್ಲ. ಹೊರಗೋಡೆಗೆ ತಾಗಿದ ಬೀರು, ಅಟ್ಟ, ಸ್ನಾನದ ಕೋಣೆಯ ಪಕ್ಕ, ಇವು ಬೇಡ. ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಇಡುವುದು ಎಷ್ಟೋ ವಾಸಿ.

ಕೆಲವರು ಪೆಟ್ಟಿಗೆಯನ್ನು ಮುದ್ರೆ ಹಾಕಿ, ಇಷ್ಟು ವರ್ಷ ಗ್ಯಾರಂಟಿ ಅಂತ ಕೊಡುತ್ತಾರೆ. ತೆರೆದರೆ ಗ್ಯಾರಂಟಿ ಹೋಯಿತು ಅನ್ನುವ ಷರತ್ತು ಅದರಲ್ಲಿ ಇರುವುದುಂಟು. ತೆರೆದು ನೋಡಲಾಗದ ಪೆಟ್ಟಿಗೆಯೊಳಗೆ ಏನಾಗುತ್ತಿದೆ ಅಂತ ಯಾರಿಗೆ ಗೊತ್ತು? ನಾನಾದರೆ ತೆಗೆದು ನೋಡಬಹುದಾದ ಪೆಟ್ಟಿಗೆಯನ್ನೇ ಆರಿಸುತ್ತೇನೆ.

ಮತ್ತೆ ಉಡುವ ಹಾಗೆ ಮಾಡಿಸುವುದಾದರೆ

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಅಷ್ಟು ಆಸೆಯಿಂದ ಕೊಂಡ ಬಟ್ಟೆ ಒಂದೇ ದಿನಕ್ಕೆ ಮುಗಿಯಬೇಕು ಅಂತ ಎಲ್ಲಿದೆ?

ಸೀರೆಯವರಿಗೆ ಕೆಲಸ ಕಡಿಮೆ. ಬ್ಲೌಸ್ ಬದಲಾಯಿಸಿದರೆ ಸೀರೆಯೇ ಬೇರೆ ಅನ್ನಿಸುತ್ತದೆ. ಲೆಹೆಂಗಾ ಮೂರು ತುಂಡು, ಮೂರನ್ನೂ ಬೇರೆ ಮಾಡಿ ನೋಡಿ. ದುಪಟ್ಟಾವನ್ನು ಸಾದಾ ಕುರ್ತಾ ಮೇಲೆ, ಮೇಲಿನ ಚೋಳಿಯನ್ನು ಒಂದು ಸಾದಾ ಸೀರೆಗೆ, ಲಂಗವನ್ನು ಸಾದಾ ಅಂಗಿಯ ಜೊತೆ. ಗೌನಾದರೆ ಹಿಂದೆ ಎಳೆಯುವ ಉದ್ದ ಭಾಗ ತೆಗೆಸಿ, ಮಂಡಿಯವರೆಗೆ ಗಿಡ್ಡ ಮಾಡಿಸಬಹುದು.

ಟೈಲರ್ ಹತ್ತಿರ ಹೋಗುವ ಮುನ್ನ ಒಂದು ಗಮನಿಸಿ. ಬಿಗಿ ಮಾಡುವುದು ಸುಲಭ, ಸಡಿಲ ಮಾಡಲು ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟಿರಬೇಕು. ಬಿಟ್ಟಿದ್ದರೂ ಸ್ಯಾಟಿನ್, ಟಾಫೆಟಾಗಳಲ್ಲಿ ಹಳೆಯ ಹೊಲಿಗೆಯ ಸೂಜಿ ತೂತುಗಳು ಹಾಗೇ ಕಾಣುತ್ತವೆ. ಅದನ್ನು ಮರೆಸಲು ಮೇಲೊಂದು ಲೇಸೋ ಪಟ್ಟಿಯೋ ಬೇಕಾಗುತ್ತದೆ, ಮೊದಲೇ ಮಾತಾಡಿಕೊಳ್ಳಿ.

ಬಣ್ಣ ಹಾಕಿಸುವ ಯೋಚನೆ ಇದ್ದರೆ ಹೆಜ್ಜೆ 2ರಲ್ಲಿ ತಿಳಿದುಕೊಂಡದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ರೇಷ್ಮೆ, ನೈಲಾನ್ ಎರಡೂ ಬಣ್ಣವನ್ನು ಚೆನ್ನಾಗಿ ಹೀರುತ್ತವೆ. ಪಾಲಿಯೆಸ್ಟರ್‌ಗೆ ಮಾಮೂಲಿ ಬಣ್ಣ ಹತ್ತುವುದಿಲ್ಲ, ಅದಕ್ಕೆ ಡಿಸ್‌ಪರ್ಸ್ ಅನ್ನುವ ಬೇರೆ ಬಗೆಯ ಬಣ್ಣವೂ ಜೋರು ಬಿಸಿಯೂ ಬೇಕು, ಕಾರ್ಖಾನೆಗಳಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡದ ಯಂತ್ರದೊಳಗೆ ಮಾಡುತ್ತಾರೆ. ಇನ್ನೊಂದು ವಿಷಯ ಟೈಲರ್‌ಗಳಿಗೆ ಗೊತ್ತು, ನಮಗೆ ಹೊಳೆಯುವುದಿಲ್ಲ. ಗೌನು ರೇಷ್ಮೆಯದ್ದಾದರೂ ಹೊಲಿದ ದಾರ ಹೆಚ್ಚಾಗಿ ಪಾಲಿಯೆಸ್ಟರ್ ಆಗಿರುತ್ತದೆ. ಬಟ್ಟೆ ನೀಲಿಯಾಗಿ ಹೊರಬಂದಾಗ ಹೊಲಿಗೆಗಳೆಲ್ಲ ಬಿಳಿ ಗೆರೆಯಾಗಿ ಎದ್ದು ಕಾಣುತ್ತವೆ! ಕೆಲವರಿಗೆ ಅದೇ ಚೆಂದ ಕಾಣಬಹುದು. ಬೇಡ ಅನ್ನುವವರು ಮೊದಲೇ ಒಂದು ತುಂಡನ್ನು ಹೊಲಿಗೆಯ ಸಮೇತ ಪರೀಕ್ಷೆ ಮಾಡಿಸಿ. ಕಲೆ ಉಳಿದ ಬಟ್ಟೆಗೆ ಬಣ್ಣ ಹಾಕಿದರೆ ಕಲೆ ಮುಚ್ಚುತ್ತದೆ ಅಂತ ನಂಬಬೇಡಿ, ಆ ಜಾಗ ಬಣ್ಣವನ್ನು ಬೇರೆ ರೀತಿ ಹೀರುತ್ತದೆ.

ಒಂದೇ ಬಟ್ಟೆ ಎಷ್ಟು ಮದುವೆ ನೋಡಬಹುದು ಅನ್ನುವುದಕ್ಕೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಒಂದು ಗೌನ್ ಇದೆ. 1944ರಲ್ಲಿ ಯುದ್ಧವಿಮಾನಕ್ಕೆ ಬೆಂಕಿ ಹತ್ತಿದಾಗ ಒಬ್ಬ ಪೈಲಟ್ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬದುಕಿದ. ಆ ನೈಲಾನ್ ಪ್ಯಾರಾಚೂಟ್‌ನಿಂದಲೇ ಹೊಲಿದ ಗೌನ್ ತೊಟ್ಟು ಅವನ ಹುಡುಗಿ 1947ರಲ್ಲಿ ಅವನನ್ನು ಮದುವೆಯಾದಳು. ಲಂಗದ ಭಾಗವನ್ನು ಅವಳೇ ಮಾಡಿಕೊಂಡಳು, ಪ್ಯಾರಾಚೂಟಿನ ಹಗ್ಗಗಳನ್ನು ಎಳೆದು ಮುಂದೆ ಗಿಡ್ಡ, ಹಿಂದೆ ಉದ್ದ ಬರುವ ಹಾಗೆ. ಮುಂದೆ ಅವರ ಮಗಳೂ ಅದನ್ನೇ ತೊಟ್ಟಳು, ಮಗನ ಹೆಂಡತಿಯೂ ತೊಟ್ಟಳು, ಆಮೇಲೆಯೇ ಅದು ಸಂಗ್ರಹಾಲಯಕ್ಕೆ ಹೋದದ್ದು.

ಮಾರುವುದಾದರೆ

ಹೊಸದರ ಅರ್ಧ ಬೆಲೆಗಿಂತ ಜಾಸ್ತಿ ಸಿಗುವುದು ಅಪರೂಪ ಅಂತ ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ. ಹೆಸರಾಂತ ವಿನ್ಯಾಸಕರದ್ದೋ ಅಸಲಿ ಜರಿಯದ್ದೋ ಆದರೆ ಮಾತು ಬೇರೆ.

ಕೊಳ್ಳುವವರಿಗೆ ಬೇಕಾದದ್ದು ನಂಬಿಕೆ. ಹಗಲ ಬೆಳಕಿನಲ್ಲಿ ಮುಂದೆ, ಹಿಂದೆ, ಒಳಪದರ, ಲೇಬಲ್, ಕೆಳ ಅಂಚು, ಇಷ್ಟರ ಫೋಟೋ ಬೇಕು. ದೋಷ ಇದ್ದರೆ ಅದನ್ನೇ ಹತ್ತಿರದಿಂದ ತೆಗೆದು ಹಾಕಿ. ಮುಚ್ಚಿಟ್ಟರೆ ಬಟ್ಟೆ ವಾಪಸ್ ಬರುತ್ತದೆ, ಜೊತೆಗೆ ಜಗಳ. ಅಳತೆಯನ್ನು ನಿಮ್ಮ ಮೈಯಿಂದ ತೆಗೆಯಬೇಡಿ, ಬಟ್ಟೆಯನ್ನು ಮಲಗಿಸಿ ಅಳೆಯಿರಿ, ಎದೆ, ಸೊಂಟ, ನಿತಂಬ, ಉದ್ದ. ಚಪ್ಪಲಿಯ ಹಿಮ್ಮಡಿ ಎಷ್ಟು ಎತ್ತರದ್ದು ಹಾಕಿದ್ದಿರಿ ಅನ್ನುವುದನ್ನೂ ಬರೆಯಿರಿ, ಉದ್ದ ಅದರ ಮೇಲೆ ನಿಂತಿರುತ್ತದೆ. ಏನೇನು ಬದಲಾವಣೆ ಮಾಡಿಸಿದ್ದಿರಿ, ಯಾವಾಗ ಸ್ವಚ್ಛ ಮಾಡಿಸಿದ್ದು, ಖರೀದಿಯ ಬಿಲ್ಲು, ಡ್ರೈ ಕ್ಲೀನಿಂಗ್ ರಸೀದಿ, ಎಲ್ಲ ಒಟ್ಟಿಗೆ ಇಡಿ.

ಮದುವೆಯ ದಿನದ ಫೋಟೋ ಹಾಕುವುದಾದರೆ ಮುಖ ಕತ್ತರಿಸಿ ಹಾಕಿ, ಬೇರೆಯವರು ಇರುವ ಫೋಟೋ ಬೇಡ. ಹಣ ಕಳಿಸುತ್ತೇನೆ ಅಂತ ಹೇಳಿ ಒಟಿಪಿ ಕೇಳುವವರು, ನೋಡದೆಯೇ ಹೇಳಿದ ಬೆಲೆಗಿಂತ ಜಾಸ್ತಿ ಕೊಡುತ್ತೇನೆ ಅನ್ನುವವರು, ಜಾಸ್ತಿ ಬಂದ ದುಡ್ಡು ವಾಪಸ್ ಕಳಿಸಿ ಅನ್ನುವವರು, ಇವರೆಲ್ಲ ಮೋಸಗಾರರು, ಅಲ್ಲಿಗೇ ಮಾತು ನಿಲ್ಲಿಸಿ. ಹಣ ಖಾತೆಗೆ ಬಂದಿರುವುದನ್ನು ನೀವೇ ಖಾತೆಯಲ್ಲಿ ನೋಡುವವರೆಗೆ ಬಟ್ಟೆ ಕಳಿಸಬೇಡಿ. ಬಾಡಿಗೆಗೆ ಕೊಡುವುದೂ ಒಂದು ದಾರಿ, ಆದರೆ ಪ್ರತಿ ಸಲ ಡ್ರೈ ಕ್ಲೀನಿಂಗ್, ಪ್ರತಿ ಸಲ ಸವೆತ. ಮನಸ್ಸಿಗೆ ಹತ್ತಿರವಾದ ಬಟ್ಟೆಗೆ ಅದು ಸರಿಹೋಗುವುದಿಲ್ಲ.

ಕೊಡುವುದಾದರೆ

ಕೊಡುವ ಮುನ್ನ ಫೋನ್ ಮಾಡಿ ಕೇಳಿ. ಮದುವೆ ಬಟ್ಟೆಗೆ ಜಾಗ ಜಾಸ್ತಿ ಬೇಕು, ಎಲ್ಲ ಸಂಸ್ಥೆಗಳೂ ತೆಗೆದುಕೊಳ್ಳುವುದಿಲ್ಲ. ದುಡ್ಡಿಲ್ಲದ ಹೆಣ್ಣುಮಕ್ಕಳಿಗೆ ಮದುವೆ ಬಟ್ಟೆಯನ್ನು ಉಚಿತವಾಗಿ ಕೊಡುವವರು ಇದ್ದಾರೆ. ಅಲ್ಲಿಗೆ ಕೊಡುವುದಾದರೆ ಸ್ವಚ್ಛ ಮಾಡಿಸಿ, ಕಿತ್ತ ಕೊಕ್ಕೆ, ಬಿದ್ದ ಮಣಿ ಸರಿಮಾಡಿಸಿ, ಬ್ಲೌಸ್, ದುಪಟ್ಟಾ ಸಮೇತ ಕೊಡಿ. ತೆಗೆದುಕೊಳ್ಳುವ ಹುಡುಗಿಗೂ ಅದು ಅವಳ ಮದುವೆಯ ದಿನ. ಕಲೆಯಾದದ್ದನ್ನು, ಹರಿದದ್ದನ್ನು ‘ಹೇಗಿದ್ದರೂ ಬಡವರಿಗೆ’ ಅಂತ ಕೊಡುವುದು ನನಗೆ ಸುತಾರಾಂ ಒಪ್ಪಿಗೆಯಿಲ್ಲ.

ಅಂಥ ಬಟ್ಟೆಗೂ ಜಾಗವಿದೆ. ನಾಟಕ ತಂಡಗಳಿಗೆ ದೂರದಿಂದ ಚೆನ್ನಾಗಿ ಕಂಡರೆ ಸಾಕು. ಹೊಲಿಗೆ, ಫ್ಯಾಷನ್ ಕಲಿಸುವ ಶಾಲೆಗಳಲ್ಲಿ ಮಕ್ಕಳು ಬಿಚ್ಚಿ ನೋಡಿ ಕಲಿಯುತ್ತಾರೆ. ಹುಟ್ಟುವ ಮುನ್ನ ಅಥವಾ ಹುಟ್ಟಿದ ಕೂಡಲೇ ತೀರಿಕೊಂಡ ಶಿಶುಗಳಿಗೆ ತೊಡಿಸಲು ಮದುವೆ ಗೌನುಗಳಿಂದ ಪುಟ್ಟ ಅಂಗಿ ಹೊಲಿದು ಆಸ್ಪತ್ರೆಗಳಿಗೆ ಕೊಡುವ ಸ್ವಯಂಸೇವಕರು ಹಲವು ದೇಶಗಳಲ್ಲಿದ್ದಾರೆ. ಅಷ್ಟು ಚಿಕ್ಕ ಮಗುವಿನ ಅಳತೆಗೆ ಅಂಗಡಿಯಲ್ಲಿ ಬಟ್ಟೆ ಸಿಗುವುದು ಕಷ್ಟ. ಆ ತಾಯಂದಿರಿಗೆ ಇದರಿಂದ ಎಷ್ಟು ಸಮಾಧಾನ ಸಿಗಬಹುದು ಅಂತ ಯೋಚಿಸಿ.

ಕತ್ತರಿಸುವ ಮುನ್ನ

ದಿಂಬಿನ ಕವರು, ಮಗುವಿನ ಅಂಗಿ, ಆಲ್ಬಮ್ಮಿನ ರಕ್ಷಾಕವಚ, ಚೌಕಟ್ಟಿನೊಳಗೆ ಒಂದು ತುಂಡು, ಏನು ಬೇಕಾದರೂ ಮಾಡಿಸಬಹುದು. ಆದರೆ ಕತ್ತರಿ ಹಾಕಿದ ಮೇಲೆ ಹಿಂದಿರುಗುವ ದಾರಿ ಇಲ್ಲ. ಮೊದಲು ಇಡೀ ಬಟ್ಟೆಯ ಫೋಟೋ ತೆಗೆಯಿರಿ, ಕಾಗದದ ಮೇಲೆ ಎಲ್ಲಿ ಕತ್ತರಿಸಬೇಕು ಬರೆದು ಟೈಲರ್‌ಗೆ ಕೊಡಿ, ಉಳಿದ ಚೂರುಗಳನ್ನೂ ವಾಪಸ್ ಕೊಡಬೇಕು ಅಂತ ಹೇಳಿ. ಚೂರಿನಲ್ಲಿ ಅಸಲಿ ಜರಿ ಇದ್ದರೆ ಅದಕ್ಕೂ ಬೆಲೆ ಇದೆ. ಮಗುವಿನ ಬಟ್ಟೆ ಮಾಡಿಸುವುದಾದರೆ ಮಣಿ, ಕಲ್ಲುಗಳನ್ನೆಲ್ಲ ತೆಗೆಸಿ, ಕಿತ್ತು ಬಾಯಿಗೆ ಹೋದರೆ ಕಷ್ಟ. ಜರಿ ಮೈಗೆ ಚುಚ್ಚದ ಹಾಗೆ ಹತ್ತಿಯ ಒಳಪದರ ಕೊಡಿಸಿ.

ಇಡೀ ಬಟ್ಟೆ ಕತ್ತರಿಸಲು ಧೈರ್ಯ ಬಾರದಿದ್ದರೆ ಲೇಸನ್ನೋ, ಅಂಚನ್ನೋ ಮಾತ್ರ ಬಿಡಿಸಿಕೊಳ್ಳಿ. ರಾಣಿ ವಿಕ್ಟೋರಿಯಾ 1840ರಲ್ಲಿ ಮದುವೆಯಾದಾಗ ಬಿಳಿ ರೇಷ್ಮೆ ಗೌನಿನ ಮೇಲೆ ಹಾನಿಟನ್ ಅನ್ನುವ ಇಂಗ್ಲೆಂಡಿನ ಕೈಹೆಣಿಗೆಯ ಲೇಸ್ ಇತ್ತು. ಆ ಲೇಸನ್ನು ಅವಳು ಮುಂದೆ ಬೇರೆ ಬಟ್ಟೆಗಳ ಮೇಲೆ ದಶಕಗಳ ಕಾಲ ತೊಟ್ಟಳು, ಕೊನೆಯ ಮಗಳು ಬಿಯಾಟ್ರಿಸ್ 1885ರಲ್ಲಿ ತನ್ನ ಮದುವೆಗೆ ಅಮ್ಮನ ಮದುವೆಯ ಲೇಸನ್ನು ತೊಟ್ಟಳು.

ಮದುವೆ ಉಳಿಯದಿದ್ದರೆ, ಸಂಗಾತಿ ಇಲ್ಲವಾದರೆ

ಇದನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಬೇರೆಯಾದವರಿಗೆ, ಜೊತೆಗಾರರನ್ನು ಕಳೆದುಕೊಂಡವರಿಗೆ ಆ ಬಟ್ಟೆ ಕಣ್ಣಿಗೆ ಬಿದ್ದರೂ ನೋವು. ಆ ನೋವಿನಲ್ಲಿ ಸುಟ್ಟು, ಎಸೆದು ಆಮೇಲೆ ಬೇಕಿತ್ತು ಅನ್ನಿಸುವುದುಂಟು. ಸ್ವಚ್ಛ ಮಾಡಿಸಿ ನಂಬಿಕೆಯ ಗೆಳತಿಯ ಮನೆಯಲ್ಲೋ ತವರಿನಲ್ಲೋ ಇಡಿ. ಕಣ್ಣಿಗೆ ಕಾಣುವುದಿಲ್ಲ, ಕೈಬಿಟ್ಟೂ ಹೋಗಿರುವುದಿಲ್ಲ. ಬೇಕು ಅನ್ನಿಸಿದಾಗ ತರಿಸಿಕೊಳ್ಳಬಹುದು, ಬೇಡ ಅನ್ನಿಸಿದರೆ ಅಲ್ಲಿಂದಲೇ ಮಾರಿಸಬಹುದು, ಕೊಡಿಸಬಹುದು. ಮನೆಯವರು ‘ಇನ್ನೂ ಯಾಕೆ ಇಟ್ಟುಕೊಂಡಿದ್ದೀಯಾ’ ಅಂತಲೋ ‘ಅದ್ಹೇಗೆ ಕೊಟ್ಟುಬಿಟ್ಟೆ’ ಅಂತಲೋ ಕೇಳುವುದನ್ನು ದಯವಿಟ್ಟು ಬಿಡಿ.

ಅಮ್ಮನದ್ದೋ ಅಜ್ಜಿಯದ್ದೋ ಹಳೆಯ ಮದುವೆ ಬಟ್ಟೆ ನಿಮ್ಮ ಕೈಗೆ ಬಂದಿದ್ದರೆ ಡ್ರೈ ಕ್ಲೀನಿಂಗ್‌ಗೆ ಓಡಬೇಡಿ. ಮಡಿಕೆಯಲ್ಲಿ ನೂಲು ಒಡೆಯುತ್ತಿದ್ದರೆ ತೊಳೆದಾಗ ಪೂರ್ತಿ ಹರಿದುಹೋಗುತ್ತದೆ. ದೊಡ್ಡ ಹತ್ತಿ ಬಟ್ಟೆಯ ಮೇಲೆ ಮಲಗಿಸಿ, ಎತ್ತುವಾಗ ಕೆಳಗಿನ ಬಟ್ಟೆಯನ್ನೇ ಹಿಡಿದು ಎತ್ತಿ, ಹಳೆಯ ಜವಳಿ ದುರಸ್ತಿ ಬಲ್ಲವರಿಗೆ ತೋರಿಸಿ. ಯಾರು ಉಟ್ಟದ್ದು, ಯಾವ ವರ್ಷ, ಎಲ್ಲಿ ಕೊಂಡದ್ದು ಅಂತ ಗೊತ್ತಿರುವವರು ಇನ್ನೂ ಇದ್ದರೆ ಇವತ್ತೇ ಕೇಳಿ ಒಂದು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಪೆನ್ನು ಬೇಡ, ಶಾಯಿ ಬಟ್ಟೆಗೆ ಇಳಿಯುತ್ತದೆ.